ಹಸಿವು ಎಂದು ಮಗು ಹೇಳಿದ ದಿನ

ಒಂದು ಮಗು ಉಣ್ಣುವುದನ್ನು ಮೊದಲ ತುತ್ತಿನಿಂದ ಕೊನೆಯ ತುತ್ತಿನವರೆಗೆ, ಮಾತಾಡದೆ, ಕೈ ಚಾಚದೆ ಕುಳಿತು ನೋಡುವುದು ಕಷ್ಟದ ಕೆಲಸ. ನಮ್ಮ ಕೆಲಸ ಶುರುವಾಗುವುದೇ ಅಲ್ಲಿಂದ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಅಂಗನವಾಡಿಗಳಲ್ಲಿ ತೂಕ ಏರದೆ ನಿಂತುಹೋದ ಮಕ್ಕಳನ್ನು ಹುಡುಕಿ, ಕಾರಣ ತಿಳಿದು, ಅವರಿಗೆ ಸಲ್ಲಬೇಕಾದದ್ದು ಸಲ್ಲುವಂತೆ ಹಟ ಹಿಡಿಯುವ ಸಣ್ಣ ಸಂಘಟನೆಯೊಂದರ ಕಾರ್ಯಕರ್ತೆ ನಾನು. ತೂಕವಿಲ್ಲದ ಮಗುವಿನ ಮನೆಗೆ ಬಡತನವನ್ನು ನಿರೀಕ್ಷಿಸಿಕೊಂಡೇ ಹೋಗುವುದು ನಮ್ಮಂಥವರ ಅಭ್ಯಾಸ. ಬೆಳ್ತಂಗಡಿಯ ಗುಡ್ಡದ ಬದಿಯ ಆ ಮನೆಯಲ್ಲಿ ಅನ್ನವಿತ್ತು, ಮೀನಿತ್ತು, ಮೊಟ್ಟೆಯಿತ್ತು, ಹಟ್ಟಿಯಲ್ಲಿ ಕರೆಯುವ ದನವಿತ್ತು. ಮಗುವಿನ ಮೈಯಲ್ಲಿ ಮಾತ್ರ ಅವುಗಳ ಗುರುತಿರಲಿಲ್ಲ.

ನಾಲ್ಕು ವರ್ಷದ ಹೆಣ್ಣುಮಗು. ತಾಯಿ ಬೆಳಗ್ಗೆ ಗೇರುಬೀಜ ಕಾರ್ಖಾನೆಯ ವ್ಯಾನು ಹತ್ತಿದರೆ ಮರಳುವುದು ಸಂಜೆಗೆ. ತಂದೆ ಮುಂಬಯಿಯ ಹೋಟೆಲೊಂದರಲ್ಲಿ ಅಡುಗೆಯವರು. ದಿನಕ್ಕೆ ನೂರಾರು ಜನರಿಗೆ ಉಣಿಸುವ ಆ ಮನುಷ್ಯನಿಗೆ ತನ್ನ ಮಗು ಉಣ್ಣುವುದಿಲ್ಲ ಎಂಬ ಸುದ್ದಿ ಮೊಬೈಲಿನ ಧ್ವನಿಸಂದೇಶದಲ್ಲಿ ತಲುಪುತ್ತಿತ್ತು. ಅಂಗನವಾಡಿಯ ಹೊತ್ತು ಬಿಟ್ಟರೆ ಹಗಲಿಡೀ ಮಗುವನ್ನು ನೋಡಿಕೊಳ್ಳುತ್ತಿದ್ದವರು ತಾಯಿಯ ತಾಯಿ. ನಾನು ಹೋದಾಗ ಅವರು ಬೀಡಿ ಕಟ್ಟುವ ಮೊರವನ್ನು, ಇಲ್ಲಿನವರ ತಡ್ಪೆಯನ್ನು, ಬದಿಗಿಟ್ಟು, ಜಗಲಿಯಲ್ಲಿ ಕಾಲು ನೀಡಿ, ಮಗುವನ್ನು ಕಾಲುಗಳ ನಡುವೆ ಒರಗಿಸಿಕೊಂಡಿದ್ದರು. ಕುಚ್ಚಲಕ್ಕಿ ಅನ್ನವನ್ನು ಸಾರಿನಲ್ಲಿ ಕಲಸಿ ಉಂಡೆ ಮಾಡಿ ತಟ್ಟೆಯ ಅಂಚಿಗೆ ಸಾಲಾಗಿ ಇಟ್ಟಿದ್ದರು.

"ಬೇಗ ನುಂಗು ಪುಟ್ಟಿ. ಈ ಅಕ್ಕ ಬಂದದ್ದು ನಿನ್ನನ್ನು ಚೀಲಕ್ಕೆ ಹಾಕಿ ಕೊಂಡೋಗ್ಲಿಕ್ಕೆ. ತಟ್ಟೆ ಖಾಲಿ ಆದ್ರೆ ಮಾತ್ರ ಬಿಡ್ತಾರೆ."

ಚೀಲದಲ್ಲಿದ್ದದ್ದು ತೂಕದ ಯಂತ್ರ. ಮಗು ಅದನ್ನೇ ದಿಟ್ಟಿಸಿತು. ಊಟದ ನಡುವೆ ಮಾತಾಡಬಾರದೆಂಬ ನನ್ನದೇ ನಿಯಮಕ್ಕೆ ಕಟ್ಟುಬಿದ್ದು ನಾನು ಸುಮ್ಮನಿದ್ದೆ.

ಮಗುವಿನ ಬಾಯಿ ಮೊದಲಿನಿಂದಲೂ ತೆರೆದೇ ಇತ್ತು. ಅದು ಉಸಿರಾಡುತ್ತಿದ್ದುದೇ ಬಾಯಿಯಿಂದ. ಉಂಡೆ ಒಳಗೆ ಹೋದೊಡನೆ ಉಸಿರಿನ ದಾರಿ ಮುಚ್ಚುತ್ತಿತ್ತು. ಎರಡು ಸಲ ಜಗಿದು, ಅನ್ನವನ್ನು ಕೆನ್ನೆಗೆ ಸರಿಸಿ, ಬಾಯಿ ತೆರೆದು ಗಾಳಿ ಎಳೆದುಕೊಳ್ಳುತ್ತಿತ್ತು. ಮತ್ತೆ ಎರಡು ಸಲ ಜಗಿತ. ನುಂಗುವ ಹೊತ್ತಿಗೆ ಕತ್ತು ಮುಂದೆ ಚಾಚಿ, ಕಣ್ಣು ಅಗಲಿಸಿ, ಇಡೀ ಮೈಯನ್ನು ಆ ಒಂದು ಕೆಲಸಕ್ಕೆ ಹೂಡುತ್ತಿತ್ತು. ಸಾರಿನ ನೀರನ್ನು ಮಾತ್ರ ಸಲೀಸಾಗಿ ಕುಡಿಯಿತು. ಕೆನ್ನೆಯಲ್ಲಿ ಅನ್ನ ಉಳಿದದ್ದು ಕಂಡೊಡನೆ ಅಜ್ಜಿ ಎಡಗೈಯಿಂದ ಕೆನ್ನೆ ಒತ್ತಿ ಹಿಡಿದು, ಬಲಗೈಯ ತೋರುಬೆರಳಿನಿಂದ ಅದನ್ನು ಒಳಕ್ಕೆ ತಳ್ಳಿದರು. ಮಗು ಓಕರಿಸಿತು.

"ನೋಡಿದ್ರಾ ಹಠ? ಹುಟ್ಟಿದಾಗಿಂದ ಇದೇ. ಇವಳ ಅಮ್ಮನೂ ಹೀಗೇ ಇದ್ದದ್ದು, ಆದ್ರೆ ಅವಳಿಗೆ ಒಂದು ಪೆಟ್ಟು ಬಿಟ್ರೆ ಉಣ್ತಿದ್ಲು."

ಹಠ ಎಂಬ ಮಾತನ್ನು ನಾನು ಅಂಗನವಾಡಿಯಲ್ಲೂ ಕೇಳಿದ್ದೆ. ತಾಯಿಯೂ ಅದನ್ನೇ ಹೇಳಿದ್ದರು. ಖಾಸಗಿ ವೈದ್ಯರೊಬ್ಬರು ಬಾಯಿಯೊಳಗೆ ನೋಡದೆಯೇ ಹಸಿವಿನ ಟಾನಿಕ್ ಬರೆದಿದ್ದರು. ಕಿರುನಾಲಿಗೆ ಬಿದ್ದಿದೆ ಎಂದು ಊರಿನ ಒಬ್ಬಾಕೆ ಬೆರಳಿಗೆ ಉಪ್ಪು, ಕಾಳುಮೆಣಸಿನ ಪುಡಿ ಸವರಿಕೊಂಡು ಎತ್ತಿಯೂ ಆಗಿತ್ತು. ಇವೆಲ್ಲವೂ ತಪ್ಪು, ಮತ್ತು ಒಂದೇ ಜಾತಿಯ ತಪ್ಪು. ಮಗುವಿಗೆ ಸ್ವಭಾವವನ್ನು ಆರೋಪಿಸಿದೊಡನೆ ಅದರ ದೇಹವನ್ನು ಪರೀಕ್ಷಿಸುವ ಹೊಣೆಯಿಂದ ದೊಡ್ಡವರು ಪಾರಾಗುತ್ತಾರೆ.

ಊಟ ಮುಗಿದ ಮೇಲೆ ಮಗುವಿನೆದುರು ಕುಳಿತು, ಹುಲಿವೇಷದ ಹುಲಿ ಹೇಗೆ ಬೊಬ್ಬೆ ಹಾಕುತ್ತದೆಂದು ಕೇಳಿದೆ. ಅದು ಬಾಯಿ ಅಗಲಿಸಿತು. ನಾನು ಟಾರ್ಚು ಬಿಟ್ಟೆ. ಗಂಟಲಿನ ಎರಡು ಬದಿಯಿಂದ ಎರಡು ಕೆಂಪು ಗಡ್ಡೆಗಳು ನಡುವಿಗೆ ಬಂದು ಒಂದಕ್ಕೊಂದು ತಾಗಿ ನಿಂತಿದ್ದವು. ಹಿಂದಿನ ಗೋಡೆ ಕಾಣಿಸಲಿಲ್ಲ. ನಾನು ವೈದ್ಯೆಯಲ್ಲ. ಆದರೆ ನೋಡಿದ್ದನ್ನು ಅರ್ಥ ಮಾಡಿಕೊಳ್ಳಲು ವೈದ್ಯೆಯಾಗಬೇಕಿರಲಿಲ್ಲ.

ಮಂಗಳೂರಿನ ದೊಡ್ಡ ಆಸ್ಪತ್ರೆಯೊಂದರ ಕಿವಿ-ಮೂಗು-ಗಂಟಲು ವಿಭಾಗದಲ್ಲಿ ಅದಕ್ಕೆ ಸರಿಯಾದ ಹೆಸರು ಸಿಕ್ಕಿತು. ಟಾನ್ಸಿಲ್‌ಗಳು ಹಿಗ್ಗಿ ಪರಸ್ಪರ ಮುಟ್ಟುತ್ತಿವೆ, ಮೂಗಿನ ಹಿಂಬದಿಯ ಅಡಿನಾಯ್ಡ್ ಗ್ರಂಥಿಯೂ ದಪ್ಪವಾಗಿದೆ, ಎರಡನ್ನೂ ತೆಗೆಯಬೇಕು. ಶಸ್ತ್ರಚಿಕಿತ್ಸಕರು ಹಾಳೆಯಲ್ಲಿ ಅಷ್ಟು ಬರೆದು ಅರಿವಳಿಕೆ ವಿಭಾಗಕ್ಕೆ ಕಳಿಸಿದರು. ಅಲ್ಲಿನ ತಜ್ಞೆ ತೂಕ ನೋಡಿದರು, ರಕ್ತದ ವರದಿ ನೋಡಿದರು, ಆಗದೆಂದು ತಲೆಯಾಡಿಸಿದರು. ತೂಕ ತೀರಾ ಕಡಿಮೆ, ಹಿಮೋಗ್ಲೋಬಿನ್ ಕಡಿಮೆ. ಈ ಸ್ಥಿತಿಯಲ್ಲಿ ಅರಿವಳಿಕೆ ಕೊಟ್ಟರೆ ಅಪಾಯ. ಮಗು ಚೆನ್ನಾಗಿ ಉಂಡು ಮೈಗೂಡಿಸಿಕೊಳ್ಳಲಿ, ಆಮೇಲೆ ಬನ್ನಿ.

ಉಣ್ಣಲಾಗದ್ದಕ್ಕೇ ಬಂದದ್ದು ಎಂದೆ.

"ಗೊತ್ತು. ಆದ್ರೆ ನಾನು ಸೈನ್ ಮಾಡುವುದು ಮಗು ಏಳ್ತದೆ ಅಂತ. ಏಳ್ಲಿಕ್ಕಿಲ್ಲ ಅಂತಾದ್ರೆ ಹೇಗೆ ಮಾಡ್ಲಿ ಹೇಳಿ?"

ಅವರು ಹೇಳಿದ್ದು ಸರಿ ಎಂಬುದಕ್ಕೇ ನನಗೆ ಸಿಟ್ಟು ಬಂತು. ಅಪೌಷ್ಟಿಕ ಮಕ್ಕಳನ್ನು ತಾಯಿಯೊಂದಿಗೆ ಇಟ್ಟುಕೊಂಡು ಉಣಿಸಿ ಚೇತರಿಸುವ ವಾರ್ಡಿಗೆ ಹೋದೆವು. ಅಲ್ಲಿ ಮಗುವಿಗೆ ಒಂದು ತಟ್ಟೆ ಖಿಚಡಿ ಕೊಟ್ಟು ಹಸಿವಿನ ಪರೀಕ್ಷೆ ಮಾಡಿದರು. ಮಗು ಕೆನ್ನೆ ತುಂಬಿಕೊಂಡು ಕುಳಿತಿತು. ಗಂಟಲಿನ ತೊಂದರೆ ಇರುವವರನ್ನು ಇಟ್ಟುಕೊಂಡು ನಾವೇನು ಮಾಡುವುದು, ಅದನ್ನು ಮೊದಲು ಸರಿ ಮಾಡಿಸಿ ಬನ್ನಿ ಎಂದರು. ಎರಡು ವಿಭಾಗಗಳ ನಡುವೆ ಇದ್ದದ್ದು ಒಂದು ಮಹಡಿ. ಎರಡೂ ಕಡೆ ಹೇಳಿದ್ದು ಸುಳ್ಳಲ್ಲ. ಆದರೆ ಎರಡು ಸತ್ಯಗಳು ಬಾಗಿಲು ಮುಚ್ಚಿಕೊಂಡಿರುವಾಗ ನಡುವಿನ ಮೆಟ್ಟಿಲಿನಲ್ಲಿ ಒಂದು ಮಗು ಸೊರಗುತ್ತದೆ. ಇಬ್ಬರು ತಜ್ಞರು ಒಂದು ಕೋಣೆಯಲ್ಲಿ ಕುಳಿತು ಒಂದು ಮಗುವಿನ ಬಗ್ಗೆ ಮಾತಾಡುವ ವ್ಯವಸ್ಥೆಯೇ ಅಲ್ಲಿರಲಿಲ್ಲ. ಆ ಕೊರತೆಗೆ ಯಾರೊಬ್ಬರೂ ಹೊಣೆಯಾಗಿರಲಿಲ್ಲ. ನಾನು ಕಂಡ ಅನ್ಯಾಯಗಳಲ್ಲಿ ಹೋರಾಡಲು ಅತ್ಯಂತ ಕಷ್ಟವಾದದ್ದು ಈ ಬಗೆಯದು. ಕೂಗಲು ಎದುರಿಗೆ ಯಾರೂ ಇರುವುದಿಲ್ಲ.

ಬಸ್ಸಿನಲ್ಲಿ ಮರಳುವಾಗ ತಾಯಿ ಕಿಟಕಿಯಾಚೆ ನೋಡುತ್ತ ಕೇಳಿದರು: "ಅಕ್ಕ, ಇದು ಹೀಗೇ ಸುತ್ತುವುದಾ?"

ಸುತ್ತನ್ನು ಎಲ್ಲಾದರೂ ಒಂದು ಕಡೆ ಮುರಿಯಬೇಕಿತ್ತು. ಗಂಟಲು ನಮ್ಮ ಕೈಯಲ್ಲಿರಲಿಲ್ಲ. ಗಂಟಲಿನಲ್ಲಿ ಇಳಿಯುವ ಆಹಾರ ನಮ್ಮ ಕೈಯಲ್ಲಿತ್ತು. ಆ ಕಿರಿದಾದ ಸಂದಿಯಲ್ಲಿ ಏನು ಇಳಿಯುತ್ತದೋ ಅದನ್ನೇ ಸಾಧ್ಯವಾದಷ್ಟು ಸತ್ವಯುತವಾಗಿ ಕೊಡುವುದೆಂದು ನಿರ್ಧರಿಸಿದೆ. ಕಾಳು ಧಾನ್ಯಗಳನ್ನು ಹುರಿದು ಪುಡಿಮಾಡಿದ ಪೊಟ್ಟಣ ಅಂಗನವಾಡಿಯಲ್ಲೇ ಇತ್ತು. ಟೀಚರ್ ಆಗುವುದಿಲ್ಲವೆಂದು ಕೈಯಾಡಿಸಿದರು.

"ಮೂರು ವರ್ಷದ ಒಳಗಿನವಕ್ಕೆ ಮಾತ್ರ ಪೊಟ್ಟಣ ಅಕ್ಕ. ದಾಟಿದವರಿಗೆ ಬಿಸಿಯೂಟ. ಇವಳ ಹೆಸರು ಹಾಕಿದ್ರೆ ಇಲಾಖೆಯ ಮೊಬೈಲೇ ತೆಗೆದುಕೊಳ್ಳುವುದಿಲ್ಲ."

"ಇವಳಿಗೆ ಬಿಸಿಯೂಟ ನುಂಗ್ಲಿಕ್ಕೆ ಆಗುವುದಿಲ್ಲ ಅಂತ ನಿಮಗೆ ಗೊತ್ತುಂಟಲ್ಲ?"

"ನನಗೆ ಗೊತ್ತುಂಟು. ಮೊಬೈಲಿಗೆ ಗೊತ್ತಿಲ್ಲ."

ವಯಸ್ಸನ್ನು ನೋಡಿ ಗಂಟಲನ್ನು ನೋಡದ ಈ ನಿಯಮದ ಬಗ್ಗೆ ಅಂದೇ ಒಂದು ಮನವಿ ಬರೆದೆ. ಮನವಿಗಳಿಗೆ ಕಾಯುವಷ್ಟು ವ್ಯವಧಾನ ಮಗುವಿಗಿರಲಿಲ್ಲ. ಹಾಗಾಗಿ ಅಜ್ಜಿಯ ಬಳಿ ಮಣ್ಣಿಯ ಪ್ರಸ್ತಾಪ ಮಾಡಿದೆ. ರಾಗಿ ನೆನೆಸಿ, ರುಬ್ಬಿ, ಸೋಸಿ, ಬೆಲ್ಲ ಹಾಕಿ ಕಾಯಿಸುವ ಮಣ್ಣಿ ಇಲ್ಲಿನ ಪ್ರತಿ ಶಿಶುವಿನ ಮೊದಲ ಆಹಾರ. ಅದನ್ನೇ ತೆಂಗಿನ ಹಾಲಿನಲ್ಲಿ, ತುಪ್ಪ ಬೆರೆಸಿ, ದಿನಕ್ಕೆ ಹಲವು ಸಲ ಸ್ವಲ್ಪ ಸ್ವಲ್ಪವಾಗಿ ಕೊಡುವ ಎಂದೆ. ಜತೆಗೆ ಕಬ್ಬಿಣಾಂಶದ ಔಷಧ.

ಅಜ್ಜಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ಬಾಯಿ ತುಂಬ ಹಲ್ಲಿರುವವಳಿಗೆ ಮಣ್ಣಿಯಾ? ಬರುವ ವರ್ಷ ಶಾಲೆಗೆ ಹಾಕುವಾಗ ತೊಟ್ಟಿಲನ್ನೂ ಕೊಂಡೋಗುವ ಅಲ್ವಾ? ನೀವು ಓದಿದವರು ಎಂತೆಂತ ಹೇಳ್ತೀರಿ ಮಾರಾಯ್ತಿ!"

ಆದರೂ ಮಾಡಿದರು. ಬಾಗಿಲು ಮುಂದೆ ಮಾಡಿಕೊಂಡು, ಅಡುಗೆಕೋಣೆಯ ಒಳಗೆ ಉಣಿಸಿದರು. ನೆರೆಯವರು ಕಂಡಾರೆಂಬ ನಾಚಿಕೆ. ಮಣ್ಣಿ ಇಳಿಯಿತು.

ಇನ್ನೊಂದು ಕೆಲಸ ಬಾಕಿಯಿತ್ತು. ಟಾನ್ಸಿಲ್ ಹಿಗ್ಗಿದ ಮಕ್ಕಳಿಗೆ ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುತ್ತದೆ, ಆ ಹೆಣಗಾಟದಲ್ಲೇ ಉಂಡದ್ದು ಕರಗುತ್ತದೆ ಎಂದು ಓದಿದ್ದೆ. ಅರಿವಳಿಕೆ ತಜ್ಞೆ ನೋಡಿದ್ದು ತೂಕದ ಅಂಕಿಯನ್ನು. ಈ ನಿದ್ದೆಯನ್ನು ಅವರು ನೋಡಿರಲಿಲ್ಲ. ರಾತ್ರಿಯ ಕತ್ತಲಲ್ಲಿ ಮೊಬೈಲಿಗೆ ಚಿತ್ರ ಸಿಗದು; ಅಂಗನವಾಡಿಯಲ್ಲಿ ಹಗಲು ಊಟವಾದ ಮೇಲೆ ಮಕ್ಕಳನ್ನು ಮಲಗಿಸುತ್ತಾರೆ. ಆದರೆ ಮಕ್ಕಳ ವೀಡಿಯೊ ತೆಗೆಯಬಾರದೆಂಬ ಆದೇಶವಿದೆ, ಅದು ನ್ಯಾಯವಾದ ಆದೇಶವೂ ಹೌದು. ತಾಯಿಯೇ ಅರ್ಧ ದಿನದ ರಜೆ ಹಾಕಿ ಬಂದು, ಚಾಪೆಯ ಬದಿಯಲ್ಲಿ ಕುಳಿತು ತನ್ನ ಮೊಬೈಲಿನಲ್ಲಿ ತೆಗೆದರು. ಮಗು ಕತ್ತನ್ನು ಹಿಂದಕ್ಕೆ ಬಾಗಿಸಿ ಮಲಗಿತ್ತು. ಗೊರಕೆ, ಗೊರಕೆ, ಆಮೇಲೆ ಏನೂ ಇಲ್ಲ. ಎದೆ ಮಾತ್ರ ಒಳಕ್ಕೆ ಎಳೆದುಕೊಳ್ಳುತ್ತಿತ್ತು, ಗಾಳಿ ಹೋಗುತ್ತಿರಲಿಲ್ಲ. ಆಮೇಲೆ ಒಮ್ಮೆಲೇ ಬೆಚ್ಚಿದಂತೆ ದೊಡ್ಡ ಉಸಿರು. ತಾಯಿ ಮೊಬೈಲು ಇಳಿಸಿ ಮಗುವಿನ ಎದೆಯ ಮೇಲೆ ಕೈಯಿಟ್ಟರು.

"ಇಷ್ಟು ಸಮಯ ಇದನ್ನು ನಿದ್ದೆ ಅಂತ ಅಂದ್ಕೊಂಡಿದ್ದೆ," ಎಂದರು.

ಅರಿವಳಿಕೆ ತಜ್ಞೆ ಆ ವೀಡಿಯೊವನ್ನು ನಿಂತುಕೊಂಡೇ ನೋಡತೊಡಗಿ ಕೊನೆಗೆ ಕುರ್ಚಿ ಎಳೆದು ಕುಳಿತರು. ಶಸ್ತ್ರಚಿಕಿತ್ಸಕರನ್ನು ಕರೆಸಿದರು. ನಾನು ಕೇಳಿಕೊಂಡು ಸಿಗದಿದ್ದ ಆ ಸಭೆ ಐದಾರು ನಿಮಿಷಗಳಲ್ಲಿ, ನಮ್ಮೆದುರಿಗೇ, ಬಾಗಿಲ ಬಳಿ ನಡೆಯಿತು. ತೂಕ ಏರಲೆಂದು ಕಾಯುವುದರಲ್ಲಿ ಅರ್ಥವಿಲ್ಲ; ತೆಗೆಯದೆ ತೂಕ ಏರುವುದಿಲ್ಲ. ಹಿಮೋಗ್ಲೋಬಿನ್ ಇನ್ನೊಂದಿಷ್ಟು ಮೇಲೆ ಬರಲಿ, ಮಕ್ಕಳ ತೀವ್ರ ನಿಗಾ ಘಟಕದಲ್ಲಿ ಒಂದು ಹಾಸಿಗೆ ಕಾದಿರಿಸಿ ಮಾಡುವ ಎಂದು ಇಬ್ಬರೂ ಒಪ್ಪಿದರು. ಮಣ್ಣಿಯೂ ಔಷಧವೂ ತಮ್ಮ ಕೆಲಸ ಮಾಡಿದವು. ಮಳೆ ಶುರುವಾಗುವ ಮೊದಲಿನ ಒಂದು ದಿನ ನಿಗದಿಯಾಯಿತು. ಹಿಂದಿನ ದಿನವೇ ದಾಖಲಾಗಲು ಹಾಸಿಗೆ ಖಾಲಿಯಿಲ್ಲ, ಬೆಳಗ್ಗೆ ಬೇಗ ಖಾಲಿ ಹೊಟ್ಟೆಯಲ್ಲಿ ಕರೆತನ್ನಿ ಎಂದರು.

ಬೆಳಗ್ಗಿನ ಮೊದಲ ಬಸ್ಸಿಗೆ ಹೊರಟೆವು. ಬಿ.ಸಿ. ರೋಡಿನವರೆಗೆ ಎಲ್ಲ ಸರಿಯಿತ್ತು. ಮುಂದೆ ಹೆದ್ದಾರಿಯಲ್ಲಿ ಲಾರಿಯೊಂದು ಕೆಟ್ಟು ಅಡ್ಡ ನಿಂತಿತ್ತು. ಫರಂಗಿಪೇಟೆಯಲ್ಲಿ ಬಸ್ಸು ನಿಂತೇಬಿಟ್ಟಿತು. ಜನ ಇಳಿದು ಚಹಾ ಕುಡಿದು ಹತ್ತಿದರು, ಮತ್ತೆ ಇಳಿದರು. ತಾಯಿ ಮತ್ತು ನಾನು ಮುಂದಿನ ಸೀಟಿನಲ್ಲಿ ಕಾಗದಪತ್ರಗಳನ್ನು ಜೋಡಿಸಿಕೊಳ್ಳುತ್ತ, ತಡವಾದರೆ ಸರದಿ ತಪ್ಪುತ್ತದೆಂದು ಆಸ್ಪತ್ರೆಗೆ ಫೋನು ಹಚ್ಚುತ್ತ ಇದ್ದೆವು. ಮಗು ಹಿಂದೆ ಕಿಟಕಿಯ ಬದಿ ಅಜ್ಜಿಯ ಮಡಿಲಲ್ಲಿತ್ತು.

ಆಸ್ಪತ್ರೆ ತಲುಪಿದಾಗ ನಮ್ಮನ್ನು ಕಾಯುತ್ತಿದ್ದರು. ಮಗುವಿಗೆ ಹಸಿರು ಅಂಗಿ ತೊಡಿಸಿದರು. ಅರಿವಳಿಕೆ ತಜ್ಞೆ ಬಂದು ವಾಡಿಕೆಯ ಪ್ರಶ್ನೆ ಕೇಳಿದರು: ಬೆಳಗ್ಗಿನಿಂದ ಏನೂ ತಿಂದಿಲ್ಲವಲ್ಲ?

"ಇಲ್ಲ," ಎಂದರು ತಾಯಿ.

"ತಿಂದಿದ್ದಾಳೆ!" ಎಂದರು ಅಜ್ಜಿ. ಅವರ ಮುಖ ಅರಳಿತ್ತು. "ಕೇಳಿ ತಿಂದ್ಲು ಡಾಕ್ಟ್ರೆ! ಫರಂಗಿಪೇಟೆಯಲ್ಲಿ ಬಸ್ಸು ನಿಂತಿತ್ತಲ್ಲ, ಆಗ ಬಾಯಿ ತೆಗೆದು ಹೇಳಿದ್ಲು, ಎಂಕ್ ಬಡವಾಪುಂಡು ಅಂತ. ಹುಟ್ಟಿದ ಮೇಲೆ ಒಂದು ದಿವಸ ಹೇಳಿದವಳಲ್ಲ. ಕಿಟಕಿಯ ಹತ್ರ ಬಾಳೆಹಣ್ಣಿನವ ಬಂದ. ಒಂದು ಇಡೀ ಹಣ್ಣು! ಸಣ್ಣ ಸಣ್ಣ ಮಾಡಿ ಕೊಟ್ಟೆ, ಪೂರಾ ತಿಂದ್ಲು."

ನನಗೆ ಹಸಿವಾಗುತ್ತದೆ. ತುಳುವಿನ ಆ ಎರಡು ಶಬ್ದಗಳಿಗಾಗಿ ಆ ಮನೆ ನಾಲ್ಕು ವರ್ಷ ಹರಕೆ ಹೊತ್ತಿತ್ತು.

ಆ ದಿನದ ಶಸ್ತ್ರಚಿಕಿತ್ಸೆ ರದ್ದಾಯಿತು, ಅಂಗಿ ಬಿಚ್ಚಿಸಿದರು. ದಾದಿಯೊಬ್ಬರು ಕಾರಿಡಾರಿನಲ್ಲಿ ಎಲ್ಲರಿಗೂ ಕೇಳುವಂತೆ ಅಜ್ಜಿಗೆ ಬೈದರು. "ಖಾಲಿ ಹೊಟ್ಟೆ ಅಂದ್ರೆ ಅರ್ಥ ಆಗುವುದಿಲ್ವಾ? ಬುದ್ಧಿ ಇದ್ದವರು ಯಾರೂ ಇಲ್ವಾ ಮನೆಯಲ್ಲಿ?" ಅಜ್ಜಿಯ ಮುಖದಿಂದ ಆ ಸಂತೋಷ ಇಳಿಯುವುದಕ್ಕೆ ಸ್ವಲ್ಪ ಸಮಯ ಹಿಡಿಯಿತು, ಏನಾಯಿತೆಂದೇ ಅವರಿಗೆ ತಿಳಿದಿರಲಿಲ್ಲ. ಅನ್ನ ಉಂಡರೆ ಮಾತ್ರ ಹೊಟ್ಟೆ ತುಂಬುವುದೆಂದು ಎಣಿಸುವ ಊರಿನಲ್ಲಿ ಒಂದು ಬಾಳೆಹಣ್ಣನ್ನು ಯಾರೂ ಊಟವೆನ್ನುವುದಿಲ್ಲ. ಏಕಾದಶಿಯಂದು ಹಣ್ಣು ತಿಂದು ಉಪವಾಸ ಮಾಡಿದೆನೆಂದು ಹೇಳುವವರು ನಾವೇ. ಖಾಲಿ ಹೊಟ್ಟೆ ಎಂಬ ಅಪ್ಪಣೆಯನ್ನು ಕಾಗದದ ಮೂಲೆಯಲ್ಲಿ ಬರೆದು ತಾಯಿಯ ಕೈಗಿಟ್ಟವರು, ಅದರ ಕಾರಣವನ್ನು ಮಗುವನ್ನು ಮಡಿಲಲ್ಲಿಟ್ಟುಕೊಳ್ಳುವವರಿಗೆ ಹೇಳಿರಲಿಲ್ಲ. ಕಾರಣ ಹೇಳದೆ ಪಾಲನೆ ನಿರೀಕ್ಷಿಸುವುದು, ತಪ್ಪಿದಾಗ ಬುದ್ಧಿಯಿಲ್ಲವೆಂದು ಹಂಗಿಸುವುದು: ನಮ್ಮ ಆಸ್ಪತ್ರೆಗಳು ಬಡವರೊಡನೆ, ವಯಸ್ಸಾದವರೊಡನೆ, ಕನ್ನಡ ತಡವರಿಸುವವರೊಡನೆ ನಡೆದುಕೊಳ್ಳುವ ರೀತಿಯೇ ಇದು.

ನಾನು ಅದನ್ನೆಲ್ಲ ಅಲ್ಲೇ ಹೇಳಹೊರಟೆ. ದೂರು ಕೊಡುವುದಾಗಿಯೂ, ಕ್ಷಮೆ ಕೇಳಬೇಕೆಂದೂ ದನಿಯೆತ್ತಿದೆ. ಅಜ್ಜಿ ನನ್ನ ಸೆರಗು ಹಿಡಿದು ಎಳೆದರು.

"ಗಲಾಟೆ ಮಾಡ್ಬೇಡಿ ಮಗಾ. ನಮಗೆ ಪುನಃ ಇಲ್ಲಿಗೇ ಬರ್ಲಿಕ್ಕುಂಟು."

ಆ ಒಂದು ವಾಕ್ಯದಲ್ಲಿದ್ದ ಸೆರೆಯನ್ನು ಯಾವ ದೂರಿನಲ್ಲೂ ಬರೆಯಲಾಗುವುದಿಲ್ಲ. ಯಾರ ಮೇಲೆ ದೂರಬೇಕೋ ಅವರ ಕತ್ತಿಯ ಕೆಳಗೇ ಮಗುವನ್ನು ಮಲಗಿಸಬೇಕು.

ಮುಂದೇನು ಮಾಡಬೇಕೆಂದು ಆ ಕಾರಿಡಾರಿನ ಬೆಂಚಿನ ಮೇಲೆ ಕುಳಿತು ಯೋಚಿಸಿದೆ. ನಾನು ತಾಯಿಗೆ ಎಲ್ಲವನ್ನೂ ವಿವರಿಸಿದ್ದೆ, ಚಿತ್ರ ಬರೆದು ತೋರಿಸಿದ್ದೆ. ತಾಯಿಯ ಹಕ್ಕು, ತಾಯಿಯ ಒಪ್ಪಿಗೆ, ತಾಯಿಯ ನಿರ್ಧಾರ ಎಂಬುದು ನಮ್ಮ ಸಂಘಟನೆಯ ಪಾಠ. ಅದು ಸರಿಯಾದ ಪಾಠ. ಆದರೆ ಉಣಿಸುವ ಕೈ ಬೇರೊಬ್ಬರದ್ದು. ಆ ಕೈಗೆ ಯಾರೂ ಏನನ್ನೂ ತೋರಿಸಿರಲಿಲ್ಲ. ನಾನು ಎದ್ದು ಹೋಗಿ ಅರಿವಳಿಕೆ ತಜ್ಞೆಯನ್ನು ಒಂದೇ ಒಂದು ಬೇಡಿಕೆಯೊಂದಿಗೆ ಕಂಡೆ: ಬೈದದ್ದರ ಬಗ್ಗೆ ಆಮೇಲೆ ಮಾತಾಡುವ, ಈಗ ಈ ಅಜ್ಜಿಗೆ ಕಾರಣ ಹೇಳಿ.

ಅವರು ಬಂದರು. ತುಳುವಿನಲ್ಲೇ ಹೇಳಿದರು. ಗಂಟಲಿನ ಕೆಳಗೆ ಎರಡು ಕೊಳವೆ, ಒಂದು ಅನ್ನದ್ದು, ಒಂದು ಗಾಳಿಯದ್ದು. ಎಚ್ಚರವಿದ್ದಾಗ ಗಾಳಿಯ ಕೊಳವೆಗೆ ಕಾವಲುಂಟು. ಮತ್ತಿನ ಔಷಧ ಕೊಟ್ಟಾಗ ಕಾವಲುಗಾರನೂ ಮಲಗುತ್ತಾನೆ. ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಗಾಳಿಯ ಕೊಳವೆಗೆ ಇಳಿದರೆ ಮಗು ಉಳಿಯುವುದು ಕಷ್ಟ.

"ಬಾಳೆಹಣ್ಣಾದ್ರೂ?"

"ಬಾಳೆಹಣ್ಣಾದ್ರೂ."

ಅವರು ಹೋದ ಮೇಲೆ ನಾನು ಚೀಲದಿಂದ ಟಾರ್ಚು ತೆಗೆದು ಅಜ್ಜಿಯ ಕೈಗೆ ಕೊಟ್ಟೆ. ಅವರು ಮಗುವಿನ ಬಾಯಿಯೊಳಗೆ ನೋಡಿದರು. ನೋಡಿದ್ದರಿಂದ ಏನೂ ತಿಳಿಯಲಿಲ್ಲ. ಬೇರೆ ಗಂಟಲನ್ನು ಕಂಡವರಲ್ಲ. ಹೋಲಿಕೆಗೆ ಮಗಳತ್ತ ತಿರುಗಿದರು. "ನಿನ್ನದು ತೋರಿಸು."

"ಇಲ್ಲಿಯಾ ಅಮ್ಮ? ಜನ ನೋಡ್ತಾರೆ."

"ನೋಡಲಿ. ತೆಗೆ ಬಾಯಿ."

ಆಸ್ಪತ್ರೆಯ ಕಾರಿಡಾರಿನಲ್ಲಿ, ಹೋಗಿಬರುವವರ ನಡುವೆ, ಆ ಮುದುಕಿ ಮಗಳ ಗಲ್ಲ ಎತ್ತಿ ಹಿಡಿದು ಟಾರ್ಚು ಬಿಟ್ಟರು. ಬಹಳ ಹೊತ್ತು ನೋಡಿದರು. ಮತ್ತೆ ಮಗುವಿನತ್ತ ತಿರುಗಿದರು. ಮತ್ತೊಮ್ಮೆ ಮಗಳದ್ದು. ಟಾರ್ಚು ಆರಿಸಿ ಬೆಂಚಿನ ಮೇಲೆ ಕುಳಿತರು.

"ಇವಳದ್ದು ಬಾವಿಯ ಹಾಗೆ ಉಂಟು. ಪುಟ್ಟಿಯದ್ದು ಬಾಗಿಲೇ ಇಲ್ಲ." ತಮ್ಮ ಬಲಗೈಯ ತೋರುಬೆರಳನ್ನು ನೋಡಿಕೊಂಡರು. "ಇಷ್ಟು ವರ್ಷ ನಾನು ಎಲ್ಲಿಗೆ ತುಂಬ್ತಾ ಇದ್ದದ್ದು?"

ಆಮೇಲಿನ ತಿಂಗಳುಗಳು ಈ ಪ್ರಕರಣದಲ್ಲಿ ಅತ್ಯಂತ ಉಸಿರುಗಟ್ಟಿಸಿದ ಕಾಲ. ಮಳೆ ಹಿಡಿಯಿತು. ಮಳೆ ಹಿಡಿದರೆ ಮಕ್ಕಳಿಗೆ ಶೀತ, ಶೀತವಾದರೆ ಈ ಮಗುವಿನ ಟಾನ್ಸಿಲ್‌ಗೆ ಸೋಂಕು, ಸೋಂಕಿದ್ದರೆ ಅರಿವಳಿಕೆ ಕೊಡುವಂತಿಲ್ಲ. ಒಂದು ದಿನಾಂಕ ಜ್ವರಕ್ಕೆ ಹೋಯಿತು. ಇನ್ನೊಂದು ಕೆಮ್ಮಿಗೆ. ಜ್ವರ ಬಂದಾಗಲೆಲ್ಲ ಮಣ್ಣಿಯೂ ಇಳಿಯದೆ, ಗಳಿಸಿದ ತೂಕ ಕರಗುತ್ತಿತ್ತು. ನಾನು ವಾರಕ್ಕೊಮ್ಮೆ ಹೋಗಿ ತೂಕದ ಯಂತ್ರ ನೇತುಹಾಕುವುದು, ಮುಳ್ಳು ನಿಂತ ಜಾಗವನ್ನು ಪುಸ್ತಕದಲ್ಲಿ ಬರೆದುಕೊಳ್ಳುವುದು. ತಂಬಾಕಿನ ದೂಳು ಮೂಗು ಗಂಟಲಿಗೆ ಕೆಡುಕೆಂದು ಹೇಳಿದ್ದಕ್ಕೆ ಅಜ್ಜಿ ಬೀಡಿಯ ತಡ್ಪೆಯನ್ನು ಹಟ್ಟಿಯ ಮಗ್ಗುಲಿಗೆ ಸಾಗಿಸಿದರು. ದನದ ಜತೆ ಕುಳಿತು ಕಟ್ಟಿದರು. ಅವರನ್ನು ಅಲ್ಲಿಗೆ ಕಳಿಸಿದೆನೆಂಬ ಸಮಾಧಾನ ನನಗಾಗಲಿಲ್ಲ. ಇಡೀ ಆಯುಷ್ಯ ಆ ದೂಳನ್ನು ಅವರೂ ಉಸಿರಾಡಿದ್ದರು. ಅವರ ಶ್ವಾಸಕೋಶದ ಬಗ್ಗೆ ವಿಚಾರಿಸಿದವರಿಲ್ಲ, ನಾನೂ ಸೇರಿದಂತೆ.

ಮಳೆ ಸ್ವಲ್ಪ ಬಿಡುವು ಕೊಟ್ಟ ಒಂದು ವಾರದಲ್ಲಿ ಆಸ್ಪತ್ರೆಯಿಂದ ಕರೆ ಬಂತು. ಈ ಸಲವೂ ಮೊದಲ ಬಸ್ಸು, ಈ ಸಲವೂ ಫರಂಗಿಪೇಟೆಯಲ್ಲಿ ಬಸ್ಸು ನಿಧಾನವಾಯಿತು. ಮಗು ಅಜ್ಜಿಯ ಮಡಿಲಿನಲ್ಲಿ ಹೊರಳಿತು. ಅದಕ್ಕೆ ಈ ಜಾಗದ ನೆನಪಿತ್ತು.

"ಅಜ್ಜೀ, ಬಡವಾಪುಂಡು."

ಅಜ್ಜಿ ಮಗುವನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು.

"ಅಜ್ಜೀ. ಬಾಳೆಹಣ್ಣು."

ಅವರು ಸೆರಗನ್ನು ಮಗುವಿನ ತಲೆಗೆ ಹೊದೆಸಿ, ಕಿಟಕಿಯ ಕಡೆ ಬೆನ್ನು ತಿರುಗಿಸಿದರು. ಮಗು ಅತ್ತಿತು. ಹತ್ತಿರದ ಸೀಟಿನ ಹೆಂಗಸೊಬ್ಬಳು ಚೀಲದಿಂದ ಬಿಸ್ಕತ್ತಿನ ಪೊಟ್ಟಣ ತೆಗೆದು, "ಪಾಪ, ಒಂದು ಕೊಡಿ ಅಜ್ಜಿ, ಎಂತ ಕಲ್ಲು ಮನಸ್ಸು ನಿಮ್ಮದು?" ಎಂದಳು.

"ಹೌದು ಮಗಾ, ಕಲ್ಲೇ," ಎಂದರು ಅಜ್ಜಿ. ಅವರ ಕಣ್ಣಿನಿಂದ ನೀರು ಇಳಿಯುತ್ತಿತ್ತು.

ಶಸ್ತ್ರಚಿಕಿತ್ಸೆ ನಡೆಯಿತು. ರಕ್ತ ಹೆಚ್ಚು ಹೋಗಲಿಲ್ಲ. ನಿಗಾ ಘಟಕದ ಗಾಜಿನಾಚೆ ಮಗು ಬಾಯಿ ಮುಚ್ಚಿಕೊಂಡು, ಸದ್ದಿಲ್ಲದೆ ಮಲಗಿದ್ದನ್ನು ನೋಡಿ ತಾಯಿ ಹೆದರಿ ದಾದಿಯನ್ನು ಕರೆದರು. ಏನೂ ಆಗಿಲ್ಲ, ಉಸಿರಾಡುವುದೇ ಹೀಗೆ ಎಂದು ದಾದಿ ಹೇಳಬೇಕಾಯಿತು.

ಇಲ್ಲಿಗೆ ಮುಗಿಯಿತೆಂದು ನಾನು ವರದಿಯನ್ನು ಬರೆಯತೊಡಗಿದ್ದೆ. ಮುಗಿದಿರಲಿಲ್ಲ. ಗಾಯ ಮಾಗಿತು, ನೋವು ಹೋಯಿತು, ತಜ್ಞರು ದೀಪ ಬಿಟ್ಟು ನೋಡಿ ಇನ್ನು ಏನು ಬೇಕಾದರೂ ತಿನ್ನಬಹುದು ಎಂದರು. ಮಗು ಬಾಯಿ ತೆರೆಯಲಿಲ್ಲ. ಮಣ್ಣಿ ಬಿಟ್ಟರೆ ಬೇರೆ ಏನಿದ್ದರೂ ತುಟಿ ಬಿಗಿದು ಮುಖ ತಿರುಗಿಸುತ್ತಿತ್ತು. ಅಜ್ಜಿ ಎಷ್ಟು ಮೆತ್ತಗೆ ಕೈ ನೀಡಿದರೂ ಅಷ್ಟೇ. ಕೈ ಹತ್ತಿರ ಬಂದಂತೆ ಮಗುವಿನ ಹೆಗಲು ಕಿವಿಯವರೆಗೆ ಏರುತ್ತಿತ್ತು. ಆಗ ನನಗೆ ಅರ್ಥವಾಯಿತು: ಗಂಟಲಿನ ದಾರಿ ತೆರೆದಿದ್ದರೂ ತುತ್ತೆಂದರೆ ಉಸಿರುಗಟ್ಟುವುದು ಎಂಬ ನಾಲ್ಕು ವರ್ಷಗಳ ಕಲಿಕೆ ಹಾಗೆಯೇ ಉಳಿದಿತ್ತು. ಬಲವಂತವಾಗಿ ಉಣಿಸುವುದು ಹಿಂಸೆ. ಪ್ರೀತಿಯಿಂದ ಮಾಡಿದರೂ ಹಿಂಸೆ. ಇದನ್ನು ನಾನು ಸಭೆಗಳಲ್ಲಿ ಹೇಳುತ್ತ ಬಂದವಳು. ಆ ಪ್ರೀತಿಯ ಮುಖ ನೋಡುತ್ತ ಹೇಳುವುದು ಬೇರೆ.

"ಇನ್ನು ನೀವು ಉಣಿಸುವುದು ಬೇಡ ಅಜ್ಜೀ," ಎಂದೆ. "ಯಾರೂ ಉಣಿಸುವುದು ಬೇಡ. ತಟ್ಟೆ ಅವಳ ಎದುರು ಇಡುವ. ತಿಂದ್ರೆ ತಿನ್ನಲಿ, ಬಿಟ್ರೆ ಬಿಡಲಿ. ನೋಡುವುದೂ ಬೇಡ."

"ನೋಡುವುದೂ ಬೇಡ್ವಾ?"

"ಬೇಡ."

"ನನ್ನ ಕೈಯನ್ನು ಕಟ್ಟಿ ಹಾಕಿ ಹಾಗಾದ್ರೆ," ಎಂದರು ಅಜ್ಜಿ. ಹಾಸ್ಯದಂತೆಯೇ ಹೇಳಿದರು.

ಆ ವಾರಗಳು ಅವರಿಗೆ ಹೇಗಿದ್ದವೆಂದು ನಾನು ಊಹಿಸಬಲ್ಲೆ. ಮಗು ಮಣ್ಣಿಯನ್ನಷ್ಟೇ ತಿಂದಿತು, ತಟ್ಟೆಯ ಅನ್ನ ಹಾಗೆಯೇ ಕೋಳಿಗಳಿಗೆ ಹೋಯಿತು. ತಾಯಿ ಒಮ್ಮೆ ಫೋನಿನಲ್ಲಿ ಅತ್ತು, ನೀವು ಹೇಳಿದ್ದಕ್ಕೆ ಬಿಟ್ಟದ್ದು, ಇನ್ನೂ ಸೊರಗಿದರೆ ಯಾರು ಹೊಣೆ ಎಂದು ಕೇಳಿದರು. ನಾನು ಹೊಣೆ ಎಂದೆ.

ಪೊಟ್ಟಣದ ನಿಯಮದ ಬಗ್ಗೆ ಬರೆದ ಮನವಿಗೆ ಇಂದಿಗೂ ಉತ್ತರವಿಲ್ಲ. ಖಾಲಿ ಹೊಟ್ಟೆಯ ಕಾರಣವನ್ನು ತುಳು, ಬ್ಯಾರಿ, ಕೊಂಕಣಿಯಲ್ಲಿ ಮನೆಯವರಿಗೆಲ್ಲ ಹೇಳಬೇಕೆಂದು ಆಸ್ಪತ್ರೆಗೆ ಬರೆದದ್ದಕ್ಕೆ, ಪರಿಶೀಲಿಸುತ್ತೇವೆ ಎಂದಿದ್ದಾರೆ. ಎರಡನ್ನೂ ನಾನು ಬಿಟ್ಟಿಲ್ಲ.

ಕೊನೆಯ ಸಲ ಊಟ ನೋಡಲು ಹೋದ ದಿನ ಕಾರ್ಖಾನೆಗೆ ರಜೆ, ತಾಯಿ ಮನೆಯಲ್ಲಿದ್ದರು. ಮಗುವಿಗೆ ತಟ್ಟೆ ಇಟ್ಟು, ನಾವು ಮೂವರೂ ನಮ್ಮ ತಟ್ಟೆಗಳೊಂದಿಗೆ ಗೋಡೆಯ ಕಡೆ ಮುಖ ಮಾಡಿ ಕುಳಿತೆವು. ಅಜ್ಜಿಯ ತಟ್ಟೆಯಲ್ಲಿ ಕುಚ್ಚಲಕ್ಕಿ ಅನ್ನ, ಬಂಗುಡೆ ಮೀನಿನ ಸಾರು. ಸ್ವಲ್ಪ ಹೊತ್ತಿಗೆ ಪುಟ್ಟ ಹೆಜ್ಜೆಗಳು ಬಂದವು. ಮಗು ತನ್ನ ತಟ್ಟೆಯನ್ನು ಬಿಟ್ಟು, ಅಜ್ಜಿಯ ತೋಳಿನ ಕೆಳಗಿನಿಂದ ಕೈ ತೂರಿಸಿ ಅವರ ತಟ್ಟೆಯಿಂದ ಒಂದು ಹಿಡಿ ಅನ್ನ ತೆಗೆದದ್ದು ನನ್ನ ಕಣ್ಣಂಚಿಗೆ ಕಂಡಿತು. ಅಜ್ಜಿಯ ಬಲಗೈ ಗಾಳಿಯಲ್ಲಿ ಹಾಗೆಯೇ ನಿಂತಿತು. ಅವರು ತಿರುಗಲಿಲ್ಲ. ತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡರು.

ನಾವು ಗೋಡೆ ನೋಡುತ್ತ ಕೇಳಿಸಿಕೊಂಡೆವು. ಜಗಿಯುವ ಸದ್ದು. ಮೂಗಿನಿಂದ ಉಸಿರು. ಮತ್ತೆ ಜಗಿಯುವ ಸದ್ದು. ಆಮೇಲೆ, ಸಣ್ಣದಾಗಿ, ನುಂಗಿದ್ದು.

ಕೈ ಮತ್ತೊಮ್ಮೆ ತಟ್ಟೆಗೆ ಬಂತು.